ದಾರ್ ಎಸ್ ಸಲಾಮಿನಲ್ಲಿ ನಾನು ನುಂಗಿದ ಪ್ರಶ್ನೆ

ಹೊರಡುವ ಮೊದಲು

ಆಫ್ರಿಕಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಸಿಂಹ ನೋಡಿದಿರಾ ಎಂದು. ಇಲ್ಲ. ನಾನು ನೋಡಿದ್ದು ಒಂದು ಪ್ರಯೋಗಾಲಯದ ಮೊಗಸಾಲೆ, ಅದರ ಎದುರಿನ ಬೇವಿನ ಮರ, ಒಂದು ಹಳ್ಳದ ಕೆಸರು ದಂಡೆ, ಮತ್ತು ಹದಿನಾಲ್ಕು ದಿನ ನನ್ನ ದೊಡ್ಡವ್ವನ ಮುಖ. ಸ್ಟಾಫ್ ರೂಮಿನಲ್ಲಿ ಫೋಟೊ ತೋರಿಸಿ ಎಂದು ಗಂಟುಬಿದ್ದರು. ಒಂದು ಫೋಟೊವನ್ನೂ ತೆಗೆಯಲಿಲ್ಲ ಎಂದರೆ ನಂಬಲೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರದ ಮೇಷ್ಟ್ರು. ಬಿ.ಎಸ್ಸಿ. ಮಕ್ಕಳಿಗೆ ಡಿ.ಎನ್.ಎ. ಪಾಠ ಮಾಡುತ್ತ ಹದಿನೈದು ವರ್ಷವಾಯಿತು. ಬಾಳೆಹಣ್ಣು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ ಸೋಸಿ, ಮೇಲೆ ಮೆಲ್ಲಗೆ ತಣ್ಣನೆಯ ಸ್ಪಿರಿಟ್ ಸುರಿದರೆ ಬಿಳಿ ನೂಲಿನಂಥದ್ದು ಎದ್ದು ತೇಲುತ್ತದೆ. ಅದನ್ನು ಗಾಜಿನ ಕಡ್ಡಿಗೆ ಸುತ್ತಿ ಎತ್ತಿ, 'ನೋಡ್ರಪಾ, ವಂಶ ಅಂದ್ರ ಇದು' ಎಂದು ದೊಡ್ಡ ಗತ್ತಿನಲ್ಲಿ ಹೇಳುತ್ತಿದ್ದೆ. ಆ ಗತ್ತು ಈಗ ಉಳಿದಿಲ್ಲ.

ನಮ್ಮದು ಕೂಡ್ಲಿಗಿ ತಾಲ್ಲೂಕು, ಹೊಸಹಳ್ಳಿ ಹೋಬಳಿಯ ಒಂದು ಸಣ್ಣ ಊರು. ಕುರಿ ಕಾಯುವ ಮನೆತನ. ದೊಡ್ಡವ್ವ ಗಾಳೆವ್ವ ನನ್ನ ತಾಯಿಯ ಅಕ್ಕ. ಅವಳ ಮಗ ಮೈಲಾರಿ ಕುರಿ ಬಿಟ್ಟು ಬೋರ್‌ವೆಲ್ ಗಾಡಿ ಹತ್ತಿದ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಹೊಲಗಳನ್ನೆಲ್ಲ ಕೊರೆದು ಧೂಳು ಕುಡಿದವನು, ಕಂಪನಿಯವರು ಗಾಡಿಯನ್ನು ಹಡಗಿಗೆ ಹಾಕಿ ಟಾಂಜಾನಿಯಾಕ್ಕೆ ಸಾಗಿಸಿದಾಗ ಅದರ ಹಿಂದೆಯೇ ಹೋದ. 'ಅವ್ವ, ಇಲ್ಲಿ ಇನ್ನೂರು ಅಡಿಗೆ ನೀರು ಚಿಮ್ಮತೈತಿ' ಎಂದು ಫೋನಿನಲ್ಲಿ ಕೂಗುತ್ತಿದ್ದ. ಮೂವತ್ತನಾಲ್ಕು ವರ್ಷ. ಮದುವೆಯಾಗಿರಲಿಲ್ಲ.

ಅಲ್ಲಿಯ ಮಳೆಗಾಲದಲ್ಲಿ ಅವರ ಗಾಡಿ ತುಂಬಿದ ಹಳ್ಳ ದಾಟುವಾಗ ಕೊಚ್ಚಿಹೋಯಿತು. ಮೂವರಿದ್ದರು. ಆ ದೇಶದ ಕೂಲಿಯಾಳೊಬ್ಬ ಈಜಿ ದಂಡೆ ಸೇರಿದ. ಮೈಲಾರಿ ಮತ್ತು ತಮಿಳುನಾಡಿನ ಡ್ರೈವರ್ ಸೆಲ್ವಂ ಸಿಗಲಿಲ್ಲ. ಇಪ್ಪತ್ತು ದಿನದ ಮೇಲೆ, ಬಹಳ ಕೆಳಗೆ, ಒಂದೇ ಒಂದು ದೇಹ ಸಿಕ್ಕಿತು. ಮುಖ ನೋಡಿ ಹೇಳುವ ಸ್ಥಿತಿ ಇರಲಿಲ್ಲ. ತಾಯಿಯ ಡಿ.ಎನ್.ಎ. ಬೇಕು, ಊರಿನಿಂದಲೇ ಕಳಿಸಿದರೂ ನಡೆಯುತ್ತದೆ ಎಂದು ಕಂಪನಿಯವರು ಹೇಳಿದರು.

'ನನ್ನ ಎಂಜಲ ಹೋಗಿ ಅವನ್ನ ಗುರ್ತು ಹಿಡೀತೈತೇನು? ನಾನ ಹೋಗ್ತೀನಿ' ಎಂದಳು ದೊಡ್ಡವ್ವ.

ಇಂಗ್ಲಿಷ್ ಬರುವವನು ಮನೆತನದಲ್ಲಿ ನಾನೊಬ್ಬನೇ. ಹಾಗಾಗಿ ಜೊತೆಗೆ ನಾನು.

ಇಲ್ಲಿ ಒಂದು ಮಾತು ಹೇಳಬೇಕು. ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ದೊಡ್ಡವ್ವನಿಗೆ ಮಕ್ಕಳಾಗಲಿಲ್ಲ. ನನಗೆ ಏಳು ವರ್ಷವಾಗಿದ್ದಾಗ ನನ್ನ ತಾಯಿ ಮೂರು ತಿಂಗಳ ಕೂಸನ್ನು ತನ್ನ ಅಕ್ಕನ ಮಡಿಲಿಗೆ ಹಾಕಿದಳು. ದೇವರ ಜಗಲಿಯ ಮುಂದೆ ಮೈಲಾರಲಿಂಗನ ಭಂಡಾರವನ್ನು, ಅಂದರೆ ಅರಿಶಿನ ಪುಡಿಯನ್ನು, ಮುಟ್ಟಿ ಎಲ್ಲರೂ ಆಣೆ ಮಾಡಿದರು. ಇನ್ನು ಮೇಲೆ 'ಕೊಟ್ಟ ಕೂಸು' ಎಂಬ ಮಾತು ಯಾರ ಬಾಯಲ್ಲೂ ಬರಬಾರದು, ಬಂದರೆ ಕೂಸಿಗೆ ಕೇಡು. ನನ್ನ ಕೈಯನ್ನೂ ಹಿಡಿದು ಮುಟ್ಟಿಸಿದರು. ಅಪ್ಪ, ಅವ್ವ, ದೊಡ್ಡಪ್ಪ ಮೂವರೂ ಆ ಮಾತನ್ನು ಆಡದೆಯೇ ಮಣ್ಣಾದರು. ಮೈಲಾರಿ ನನ್ನ ಒಡಹುಟ್ಟಿದ ತಮ್ಮ. ಅವನನ್ನು ನಾನು ಒಂದು ದಿನವೂ ಹಾಗೆ ಕರೆದವನಲ್ಲ.

ದಾರ್ ಎಸ್ ಸಲಾಮ್, ಇಳಿದ ದಿನ

ವಿಮಾನದಲ್ಲಿ ದೊಡ್ಡವ್ವ ಊಟದ ತಟ್ಟೆ ಮುಟ್ಟಲಿಲ್ಲ. ಮಗನ ಸುದ್ದಿ ಬಂದಂದಿನಿಂದ ಇಪ್ಪತ್ತೈದು ದಿನ ಅವಳು ಚಹಾದ ಮೇಲೆಯೇ ಬದುಕಿದ್ದಳು. ಇಳಿದ ಮೇಲೆ ಬೆರಳಿನ ಗುರುತು ತೆಗೆಯುವ ಯಂತ್ರ ಅವಳ ಬೆರಳನ್ನು ಒಪ್ಪಲಿಲ್ಲ. ಉಣ್ಣೆ ಹಿಂಜಿ, ಕಳೆ ಕಿತ್ತು ಗೆರೆಗಳೆಲ್ಲ ಸವೆದಿದ್ದವು. ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ, ಕೊನೆಗೆ ಅಧಿಕಾರಿ ಕೈ ಬೀಸಿ ಬಿಟ್ಟುಬಿಟ್ಟ.

ಅದಾದರೆ ಸಾಮಾನು ತಪಾಸಣೆಯಲ್ಲಿ ಇನ್ನೊಂದು. ಅವಳ ಚೀಲದಲ್ಲಿ ಭಂಡಾರದ ಪೊಟ್ಟಣ ಸಿಕ್ಕಿತು. ಹಳದಿ ಪುಡಿ ಕಂಡದ್ದೇ ಇಬ್ಬರು ಅಧಿಕಾರಿಗಳು ನಾಲ್ವರಾದರು. ಇದು ದೇವರದು ಎಂದು ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಾಗ ದೊಡ್ಡವ್ವ ಒಂದು ಚಿಟಿಕೆ ತೆಗೆದು ಎದುರಿಗಿದ್ದ ದಪ್ಪನೆಯ ಅಧಿಕಾರಿಯ ಹಣೆಗೆ ಹಚ್ಚಿಯೇ ಬಿಟ್ಟಳು. ನಮ್ಮಿಬ್ಬರನ್ನೂ ಒಳಗೆ ಹಾಕುತ್ತಾರೆಂದುಕೊಂಡೆ. ಅವನು ಮೂಸಿ ನೋಡಿ, 'ಮಂಜಾನೋ' ಎಂದು ನಕ್ಕ. ಅವರ ಭಾಷೆಯಲ್ಲಿ ಅರಿಶಿನಕ್ಕೆ ಹಾಗನ್ನುತ್ತಾರೆ. ಯಾಕೆ ಬಂದಿರಿ ಎಂದು ಕೇಳಿದ. ಹೇಳಿದೆ. ಅವನ ಮುಖ ಇಳಿಯಿತು. ಹಣೆಯ ಅರಿಶಿನ ಒರೆಸಿಕೊಳ್ಳದೆ, 'ಪೋಲೆ, ಮಾಮಾ. ಪೋಲೆ ಸಾನಾ' ಎಂದ. ಮಾಮಾ ಎಂದರೆ ಅವರಲ್ಲಿ ತಾಯಿ.

ಆ 'ಪೋಲೆ'ಯನ್ನು ಹದಿನಾಲ್ಕು ದಿನವೂ ಕೇಳಿದೆವು. ನೀವು ಎಡವಿದರೆ ಪೋಲೆ, ಕೆಮ್ಮಿದರೆ ಪೋಲೆ, ಮಗ ಸತ್ತರೂ ಪೋಲೆ. ನಮ್ಮಲ್ಲಿ 'ಪಾಪ' ಎನ್ನುವುದನ್ನು ಮೂರನೆಯವರಿಗೆ ಕೇಳುವಂತೆ ಹೇಳುತ್ತೇವೆ. ಅವರು ನೊಂದವರ ಕಣ್ಣು ನೋಡಿಯೇ ಹೇಳುತ್ತಾರೆ.

ಇನ್ನೊಂದು ರೂಢಿಯೂ ಅಲ್ಲಿದೆ. ಹೆಂಗಸರನ್ನು ಅವರ ಹೆಸರಿನಿಂದ ಕರೆಯುವುದು ಕಡಿಮೆ, ಮಗುವಿನ ಹೆಸರು ಸೇರಿಸಿ ಕರೆಯುತ್ತಾರೆ. ನಾವಿದ್ದ ವಸತಿಗೃಹದ ಅಡುಗೆಯವಳು ಮೊದಲ ದಿನವೇ ಮಗನ ಹೆಸರೇನೆಂದು ಕೇಳಿದಳು. ಅಂದಿನಿಂದ ದೊಡ್ಡವ್ವ ಅಲ್ಲಿ ಎಲ್ಲರಿಗೂ 'ಮಾಮಾ ಮೈಲಾರಿ' ಆದಳು. ಅದನ್ನು ಕೇಳಿದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಂಡು ನೇರ ಕೂರುತ್ತಿದ್ದಳು.

ಪ್ರಯೋಗಾಲಯ

ಮೂರನೇ ದಿನ ನಮ್ಮನ್ನು ಅಲ್ಲಿಗೆ ಕರೆದೊಯ್ದವರು ಬೋರ್‌ವೆಲ್ ಕಂಪನಿಯ ಮ್ಯಾನೇಜರ್ ನಾಯ್ಡು. ರಾಯದುರ್ಗದ ಕಡೆಯವರು, ಕನ್ನಡ ಬಲ್ಲವರು. ದೊಡ್ಡವ್ವ ದೂರದಿಂದಲೇ ಕಟ್ಟಡ ನೋಡಿ, 'ಇಲ್ಲಿ ಅದಾನೇನು?' ಎಂದಳು. ದೇಹ ಇದ್ದದ್ದು ಬೇರೆ ಕಡೆ. ಇಲ್ಲಿದ್ದದ್ದು ಅದರ ಒಂದು ಹಲ್ಲು ಮತ್ತು ಮೂಳೆಯ ಚೂರು. ನಾನು ಅದನ್ನು ಹೇಳಲಿಲ್ಲ. ಇಲ್ಲ ಎಂದಷ್ಟೇ ಹೇಳಿದೆ.

ಮಾದರಿ ತೆಗೆಯಲು ಬಂದವಳು ನೀಮಾ ಎಂಬ ವಿಶ್ಲೇಷಕಿ. ನಲವತ್ತರ ಹತ್ತಿರದ ವಯಸ್ಸು, ಬಿಳಿ ಕೋಟು, ಒಳಗೆ ಹೂವಿನ ಬಟ್ಟೆ. ದೊಡ್ಡವ್ವನ ಮುಂದೆ ಸ್ವಲ್ಪ ಬಾಗಿ 'ಶಿಕಾಮೂ' ಎಂದಳು. ಹಿರಿಯರಿಗೆ ಅಲ್ಲಿ ಹೀಗೇ ನಮಸ್ಕರಿಸುತ್ತಾರೆ. ನಾನು ಪಾಠ ಮಾಡುವವನು ಎಂದು ತಿಳಿದಾಗ ಖುಷಿಪಟ್ಟು ಯಂತ್ರಗಳ ಹೆಸರು ಹೇಳಿದಳು. ನಾನು ಹದಿನೈದು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಅವಳು ದಿನಾ ಕೈಯಿಂದ ಮಾಡುತ್ತಾಳೆ.

ಓದುಗರಿಗೆ ಸುಲಭದಲ್ಲಿ ಹೇಳುತ್ತೇನೆ. ನಮ್ಮ ಡಿ.ಎನ್.ಎ.ಯಲ್ಲಿರುವುದು ನಾಲ್ಕೇ ಅಕ್ಷರ. ಕೆಲವು ಜಾಗಗಳಲ್ಲಿ ಒಂದು ಪುಟ್ಟ ಪದ ತೊದಲಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ಒಬ್ಬರಲ್ಲಿ ಏಳು ಸಲ, ಇನ್ನೊಬ್ಬರಲ್ಲಿ ಹನ್ನೊಂದು ಸಲ. ಪ್ರತಿ ಜಾಗದಲ್ಲೂ ನಮಗೆ ಎರಡು ತೊದಲು: ಒಂದು ತಾಯಿಯಿಂದ, ಒಂದು ತಂದೆಯಿಂದ. ಹಾಗಾಗಿ ತಾಯಿಯ ಮಾದರಿ ಪಕ್ಕದಲ್ಲಿಟ್ಟರೆ ಎಲ್ಲ ಜಾಗದಲ್ಲೂ ಒಂದಾದರೂ ಕೂಡಲೇಬೇಕು. ಮಾದರಿ ಎಷ್ಟು ಅಲ್ಪವಿದ್ದರೂ ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ, ಒಂದನ್ನು ಎರಡು, ಎರಡನ್ನು ನಾಲ್ಕು ಮಾಡಿಕೊಳ್ಳುತ್ತಾರೆ. ಇದನ್ನು ದೊಡ್ಡವ್ವನಿಗೆ ಹೇಳಿದಾಗ ಅವಳು, 'ಹೆಪ್ಪು ಹಾಕಿದಂಗ ಅನ್ನು' ಎಂದಳು. ನನ್ನ ವಿದ್ಯಾರ್ಥಿಗಳಿಗೆ ಇಷ್ಟು ಬೇಗ ಅರ್ಥವಾಗುವುದಿಲ್ಲ.

ನೀಮಾ ಅರ್ಜಿ ತುಂಬಲು ಕುಳಿತು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು: 'ದಯವಿಟ್ಟು ಇದನ್ನು ಅವರ ಭಾಷೆಯಲ್ಲಿ ಸರಿಯಾಗಿ ಕೇಳಿ. ಆ ಮನುಷ್ಯನನ್ನು ಹೆತ್ತವರು ಇವರೇನಾ?'

ದೊಡ್ಡವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದೆ: 'ಮೈಲಾರಿ ನಿನ್ನ ಮಗನಾ ಅಂತ ಕೇಳ್ತಾರ.'

'ಇದೇನ್ ಕೇಳೋದೈತಿ? ನನ್ನ ಮಗನ' ಎಂದಳು.

'ಯೆಸ್' ಎಂದೆ ನಾನು.

ನೀಮಾ ಬರೆದುಕೊಂಡಳು. ಹತ್ತಿ ಸುತ್ತಿದ ಕಡ್ಡಿಯನ್ನು ದೊಡ್ಡವ್ವನ ಕೆನ್ನೆಯ ಒಳಗೆ ಆಡಿಸಿ ಕೊಳವೆಗೆ ಹಾಕಿದಳು. ಅಷ್ಟೇ. ನಾನು ಬಾಯಿ ತೆರೆದಿದ್ದರೆ ಅಲ್ಲೇ ಎಲ್ಲ ಸರಿಹೋಗುತ್ತಿತ್ತು. ನನ್ನ ಕೆನ್ನೆಯನ್ನೇ ಕೊಡಬಹುದಿತ್ತು.

ಯಾಕೆ ಕೊಡಲಿಲ್ಲ? ಆಣೆ ಎಂದರೆ ಅರ್ಧ ನಿಜ. ಡಿ.ಎನ್.ಎ. ಪಾಠ ಮಾಡುವವನು ಅರಿಶಿನಕ್ಕೆ ಹೆದರಿದ ಎಂದು ನೀವು ನಗಬಹುದು, ನಗಿ. ಉಳಿದರ್ಧ ಇನ್ನೂ ಕೆಟ್ಟದ್ದು. ನನ್ನದು ಕೊಟ್ಟರೆ ಖಚಿತವಾಗಿ ಗೊತ್ತಾಗಿಬಿಡುತ್ತದೆ. ಕೊಡದಿದ್ದರೆ ಆ ದೇಹ ಸೆಲ್ವಂದೂ ಇರಬಹುದು. ನನಗೂ ನನ್ನ ತಮ್ಮ ಬದುಕಿರುವುದು ಬೇಕಿತ್ತು.

ಹಳ್ಳದ ದಾರಿ

ಫಲಿತಾಂಶಕ್ಕೆ ಒಂದು ವಾರ ಎಂದರು. ದೊಡ್ಡವ್ವ ಸುಮ್ಮನೆ ಕೂರಲೊಲ್ಲೆ ಎಂದು ಹಟ ಹಿಡಿದಳು. ನಾಯ್ಡು ಗಾಡಿ ಕೊಟ್ಟರು. ಆರನೇ ದಿನ, ಮೈಲಾರಿಯ ಗಾಡಿ ಕೊಚ್ಚಿಹೋದ ಹಳ್ಳದ ಕಡೆ ಹೊರಟೆವು. ದಾರಿಯುದ್ದಕ್ಕೂ ಕೆಂಪು ಮಣ್ಣು, ಜಾಲಿಯಂಥ ಗಿಡ, ಅಲ್ಲಲ್ಲಿ ಕರಿ ಬಂಡೆಯ ಗುಡ್ಡ. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುತ್ತಿದ್ದೇವೆ ಎಂದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಇಷ್ಟು ದೂರ ಬಂದು ಸಾಯಬೇಕಿತ್ತೇ ಎಂದು ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮಧ್ಯಾಹ್ನ ಒಂದು ಊಟದ ಗುಡಿಸಲಿನಲ್ಲಿ ಉಗಾಲಿ ತಂದಿಟ್ಟರು. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ದೊಡ್ಡವ್ವ ಬೆರಳಿನಿಂದ ಒತ್ತಿ ನೋಡಿ, 'ಮುದ್ದಿನ ಐತಲ್ಲೋ ಇದು. ಜ್ವರ ಬಂದು ಬಿಳಚಿಕೊಂಡೈತಿ' ಎಂದಳು. ಒಂದು ತುತ್ತು ಮುರಿದಳು, ಬಾಯಿಗೆ ಹೋಗಲಿಲ್ಲ, ತಟ್ಟೆಗೇ ಇಟ್ಟಳು.

ಹಳ್ಳ ಈಗ ಮೊಣಕಾಲುದ್ದ ಹರಿಯುತ್ತಿತ್ತು. ಇದಾ ನನ್ನ ಮಗನನ್ನು ಒಯ್ದದ್ದು ಎಂಬಂತೆ ಅವಳು ಅದನ್ನು ನೋಡಿದಳು. ಭಂಡಾರ ತೂರಿದಳು. ಹಳದಿ ನೀರು ನಾಲ್ಕು ಮಾರು ಹೋಗಿ ಕೆಸರಾಯಿತು.

ದಂಡೆಯ ಮೇಲೆ ಕುರಿಯ ಹಿಂಡು ಬಂತು. ಕಿವಿಗಳಲ್ಲಿ ಗುರುತಿನ ಕಚ್ಚು. 'ನಮ್ಮಂಗ ಕಿವಿ ಕೊಯ್ತಾರ ನೋಡು' ಎಂದಳು. ಹಿಂಡಿನಲ್ಲಿ ಒಂದು ತಬ್ಬಲಿ ಮರಿ. ಕುರಿಗಾಹಿ ಅದನ್ನು ಇನ್ನೊಂದು ಕುರಿಯ ಮೊಲೆಗೆ ಒಡ್ಡಿದಾಗಲೆಲ್ಲ ಆ ಕುರಿ ಒದೆಯುತ್ತಿತ್ತು. ದೊಡ್ಡವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಡೆಯಲಾರದೆ ಊಟದ ಬುತ್ತಿಯಿಂದ ಉಪ್ಪು ತೆಗೆದು, ಅಂಗೈಯಲ್ಲಿ ನೀರು ಕಲಸಿ, ಮರಿಯ ಬೆನ್ನಿಗೆಲ್ಲ ಹಚ್ಚಿ, ಕುರಿಯ ಮೂತಿಯ ಹತ್ತಿರ ಹಿಡಿದಳು. ಕುರಿ ಮೂಸಿತು. ಒಮ್ಮೆ ನೆಕ್ಕಿತು. ಮತ್ತೆ ನೆಕ್ಕಿತು. ಮರಿ ಮೊಲೆ ಹುಡುಕಿಕೊಂಡಿತು. ಕುರಿಗಾಹಿ ತೊಡೆ ತಟ್ಟಿ ನಕ್ಕ.

'ಒಂದ್ಸಲ ನೆಕ್ಕಿತಂದ್ರ ಮುಗೀತು. ಆಮ್ಯಾಲ ಯಾರ್ ಹೇಳಿದ್ರೂ ಬಿಡಂಗಿಲ್ಲ ಅದು' ಎಂದಳು ದೊಡ್ಡವ್ವ. ಹೇಳುತ್ತ ನನ್ನ ಮುಖ ನೋಡಿದಳು. ನಾನು ನೀರು ನೋಡಿದೆ.

ಒಂಬತ್ತು ಮತ್ತು ಹತ್ತನೇ ದಿನ

ಫಲಿತಾಂಶ ನಮಗಿಂತ ಮೊದಲು ಪೊಲೀಸರಿಗೆ, ಅವರಿಂದ ನಾಯ್ಡುಗೆ ಹೋಯಿತು. ಅವರು ಓಡೋಡಿ ಬಂದರು.

'ಅಮ್ಮಾ, ಕೂಡಿಲ್ಲಂತ ಅಮ್ಮಾ! ಅದು ನಿಮ್ಮ ಹುಡುಗಂದು ಅಲ್ಲಂತ!'

ದೊಡ್ಡವ್ವ ಮೊದಲು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಆಮೇಲೆ ನೆಲಕ್ಕೆ ಹಣೆ ಹಚ್ಚಿದಳು. ಆಮೇಲೆ ಅತ್ತಳು. ಫೋನ್ ಮಾಡಿಸಿ ಊರಿಗೆ ಹೇಳಿದಳು: 'ನನ್ನ ಮಗ ಅಲ್ಲಂತ ಅದು! ನನ್ನ ಮೈಯಿ ಹೇಳೈತಿ! ಎಲ್ಲ್ಯೋ ಕಾಲು ಮುರ್ಕೊಂಡು ಯಾವ್ದೋ ಹಳ್ಯಾಗ ಬಿದ್ದಿರ್ತಾನ, ಭಾಷಿ ಬರಂಗಿಲ್ಲ ಪಾಪ ಅವಗ.'

ತಾನು ಹಡೆದಿಲ್ಲ ಎಂಬುದನ್ನು ಅವಳು ಮರೆತಿರಲಿಲ್ಲ. ಆದರೆ ಈ ಪರೀಕ್ಷೆ ನೋಡುವುದು ಹಡೆದದ್ದನ್ನು ಮಾತ್ರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು. ಮೂವತ್ತನಾಲ್ಕು ವರ್ಷ ಅವನನ್ನು ಎತ್ತಿದ, ಎರೆದ, ಬೈದ, ಉಣಿಸಿದ ಮೈ ಅವನ ಗುರುತು ಹಿಡಿಯದೆ ಇದ್ದೀತೇ ಎಂಬುದು ಅವಳ ನಂಬಿಕೆ.

ಆ ಸಂಜೆ ಅವಳು ಉಂಡಳು. ಎರಡು ಉಗಾಲಿ, ಮೇಲೆ ಅವರೆಯಂಥ ಕಾಳಿನ ಸಾರು. ಅಡುಗೆಯವಳು ಸಂತೋಷದಿಂದ ಮತ್ತೆ ಬಡಿಸಿದಳು. ಮರುದಿನ ದೊಡ್ಡವ್ವ ತಲೆಗೆ ಎಣ್ಣೆ ಹಚ್ಚಿಕೊಂಡಳು, ಸೀರೆ ಒಗೆದಳು, ಅಡುಗೆಮನೆಗೆ ನುಗ್ಗಿ ಜೋಳದ ಹಿಟ್ಟು ಸಿಗದೆ ಮೆಕ್ಕೆಜೋಳದ ರೊಟ್ಟಿ ಬಡಿದಳು. ಮೈಲಾರಿ ಸಿಕ್ಕ ಮೇಲೆ ಅವನನ್ನು ಇನ್ನು ಗಾಡಿ ಹತ್ತಲು ಬಿಡುವುದಿಲ್ಲ, ಕೊಟ್ಟೂರ ಹತ್ತಿರದ ಉಜ್ಜಿನಿಗೆ ಕರೆದೊಯ್ದು ದೇವರಿಗೆ ಎಣ್ಣೆ ಕೊಡುತ್ತೇನೆ ಎಂದು ಬೇಳೆ ಆರಿಸುತ್ತ ಯೋಜನೆ ಹಾಕಿದಳು. ನಾನು ಎದುರು ಕುಳಿತು ಹೂಂಗುಟ್ಟಿದೆ. ಮೊದಲ ದಿನ ಹೇಳಲಿಲ್ಲ. ಎರಡನೇ ದಿನವೂ ಹೇಳಲಿಲ್ಲ. ಅವಳು ಅಷ್ಟು ನಗುವುದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಹನ್ನೊಂದನೇ ದಿನ

ಬೆಳಿಗ್ಗೆ ನಾಯ್ಡು ವರಾಂಡದಲ್ಲಿ ನಿಂತು ಫೋನಿನಲ್ಲಿ ತಮಿಳು ಮಾತಾಡುತ್ತಿದ್ದರು. ಮೆಲ್ಲನೆ ಮಾತಾಡುತ್ತಿದ್ದರೂ ಆ ಕಡೆಯ ಹೆಂಗಸಿನ ಕೂಗು ನನ್ನವರೆಗೂ ಕೇಳಿತು. ಮುಗಿದ ಮೇಲೆ ಕೇಳಿದೆ.

'ಸೆಲ್ವಂ ಹೆಂಡ್ತಿ ಸಾರ್. ನಿಮ್ಮದು ಅಲ್ಲ ಅಂದಮೇಲೆ ಅದು ಅವನದೇ ತಾನೆ? ಅವರ ಮಾದರಿ ಬರೋಕೆ ಇನ್ನೂ ವಾರ ಆಗತ್ತೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತ ಹೇಳಿಬಿಟ್ಟೆ.'

ನನ್ನ ಮೌನ ಇನ್ನೊಂದು ಮನೆಯ ಬಾಗಿಲನ್ನೂ ತಟ್ಟಿತ್ತು. ಚಪ್ಪಲಿ ಮೆಟ್ಟಿಕೊಂಡು ಒಬ್ಬನೇ ಪ್ರಯೋಗಾಲಯಕ್ಕೆ ಹೋದೆ.

ನೀಮಾ ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. 'ನೀವು ಬರುತ್ತೀರಿ ಅಂದುಕೊಂಡಿದ್ದೆ. ಕೆಲವು ಜಾಗದಲ್ಲಿ ಕೂಡಲಿಲ್ಲ, ಹಾಗಾಗಿ ತಾಯಿ ಅಲ್ಲ ಎಂದು ಬರೆಯಲೇಬೇಕಾಯಿತು. ಆದರೆ ಪರಕೀಯರಾಗಿದ್ದರೆ ಇಷ್ಟೊಂದು ಕಡೆ ಕೂಡುತ್ತಿರಲಿಲ್ಲ. ಬೇರೆ ಸಂಬಂಧಿಗಳ ಮಾದರಿ ಬೇಕು ಎಂದು ವರದಿಯ ಕೊನೆಯಲ್ಲಿ ಬರೆದಿದ್ದೆ. ಜನ ಮೊದಲ ಸಾಲು ಮಾತ್ರ ಓದುತ್ತಾರೆ.'

ನಾನು ಹೇಳಿದೆ. ಮೂವತ್ತನಾಲ್ಕು ವರ್ಷದ ಮೇಲೆ ಮೊದಲ ಬಾರಿಗೆ ಆ ಮಾತು ನನ್ನ ಬಾಯಿಂದ ಹೊರಗೆ ಬಂದದ್ದು ಪರಭಾಷೆಯಲ್ಲಿ, ಪರದೇಶದ ಹೆಂಗಸಿನ ಮುಂದೆ. ಆಕೆ ನನ್ನ ತಾಯಿಯ ಅಕ್ಕ, ಅವನು ನನ್ನ ತಮ್ಮ.

'ಮಾಮಾ ಮ್ಕುಬ್ವಾ' ಎಂದಳು ನೀಮಾ. ಅವರ ಭಾಷೆಯಲ್ಲೂ ತಾಯಿಯ ಅಕ್ಕನನ್ನು ದೊಡ್ಡ ತಾಯಿ ಎಂದೇ ಕರೆಯುತ್ತಾರೆ. 'ನನ್ನನ್ನು ಸಾಕಿದ್ದೂ ಮಾಮಾ ಮ್ಕುಬ್ವಾನೇ. ನಮ್ಮಲ್ಲಿ ಯಾರನ್ನು ಕೇಳಿದರೂ ಇಬ್ಬರನ್ನೂ ತಾಯಿ ಅನ್ನುತ್ತಾರೆ. ಅದಕ್ಕೇ ಹೆತ್ತವರು ಯಾರು ಎಂದು ಕೇಳುವುದು. ನಾನು ಕೇಳಿದೆನಲ್ಲ?'

'ಕೇಳಿದಿರಿ. ನಾನು ಕನ್ನಡದಲ್ಲಿ ಕೇಳಲಿಲ್ಲ.'

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಪೋಲೆ ಎಂದು ಹೊಸ ಕಡ್ಡಿಯ ಲಕೋಟೆ ಹರಿದಳು. ಗಂಡುಮಕ್ಕಳಿಗೆ ತಂದೆಯಿಂದ ಹಾಗೆಯೇ ಇಳಿದು ಬರುವ ಒಂದು ಭಾಗವಿದೆ, ಅಣ್ಣತಮ್ಮಂದಿರಲ್ಲಿ ಅದು ಒಂದೇ. ತಾಯಿಯಿಂದ ಮಕ್ಕಳಿಗೆ, ಅವಳಿಗೆ ಅವಳ ತಾಯಿಯಿಂದ, ಹೀಗೆ ಹೆಣ್ಣಿನ ದಾರಿಯಲ್ಲಿಯೇ ಬರುವ ಇನ್ನೊಂದು ಪುಟ್ಟ ಬಳೆಯಂಥ ಡಿ.ಎನ್.ಎ. ಇದೆ. ಎರಡನ್ನೂ ನೋಡುತ್ತೇನೆ, ಮೂರು ದಿನ ಬೇಕು ಎಂದಳು. ಇವನ್ನು ನಾನು ಎಷ್ಟು ಸಲ ಪರೀಕ್ಷೆಗೆ ಪ್ರಶ್ನೆಯಾಗಿ ಕೊಟ್ಟಿದ್ದೇನೆ, ಐದೈದು ಅಂಕಕ್ಕೆ.

ವಸತಿಗೃಹದ ಹಿತ್ತಿಲು

ದೊಡ್ಡವ್ವ ಹಿತ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕುಳಿತೆ.

'ದೊಡ್ಡವ್ವ, ಆ ಪರೀಕ್ಷಿಯೊಳಗ ಅವ್ರು ನೋಡೋದು ಹಡದವ್ರನ್ನ.'

ಮೊರದ ಮೇಲಿನ ಕೈ ನಿಂತಿತು.

'ಭಂಡಾರ ಮುಟ್ಟಿದ್ದೆಲ್ಲೋ ಬಸ್ಯಾ ನೀನು' ಎಂದಳು.

'ಹೂಂ.'

'ಯಾರಿಗೆ ಹೇಳಿದಿ?'

'ಆ ಲ್ಯಾಬಿನ ಹೆಣ್ಮಗಳಿಗೆ. ಈಗ ನಿನಗ.'

'ನನಗ್ಯಾಕ ಹೇಳ್ತಿ. ನನಗೇನು ಗೊತ್ತಿಲ್ಲೇನು?' ಅಕ್ಕಿಯ ಕಲ್ಲೊಂದನ್ನು ಹೆಕ್ಕಿ ಎಸೆದು, 'ಹಂಗಾದ್ರ ಅಲ್ಲಿ ಮಲಗಿರಾಂವ...' ಎಂದಳು.

'ಗೊತ್ತಿಲ್ಲ ಇನ್ನಾ. ನಂದು ಕೊಟ್ಟು ಬಂದೇನಿ. ಮೂರು ದಿನಕ್ಕ ಹೇಳ್ತಾರ.'

'ನಂದು ಕೂಡಂಗಿಲ್ಲಂತ ನಿನಗ ಮೊದ್ಲ ಗೊತ್ತಿತ್ತೇನು?'

'ಗೊತ್ತಿತ್ತು.'

ಅವಳು ಮೊರ ಕೆಳಗಿಟ್ಟಳು. ಬೈಯಲಿಲ್ಲ, ಹೊಡೆಯಲಿಲ್ಲ. 'ಎರಡು ದಿನ ನಾ ಉಂಡೆ' ಎಂದಳು. 'ಅವ ಅಲ್ಲಿ ತಣ್ಣಗ ಮಲಗ್ಯಾನ, ನಾ ಇಲ್ಲಿ ಹೊಟ್ಟಿ ತುಂಬ ಉಂಡೆ. ಎಣ್ಣಿ ಹಚ್ಚಿಕೊಂಡೆ. ನೀ ಎದ್ರಿಗೆ ಕುಂತು ನೋಡ್ಕೋಂತ ಇದ್ದಿ.'

ನಾನು ಅತ್ತೆ. ನಲವತ್ತೊಂದು ವರ್ಷದ ಗಂಡಸು, ಮೊರದ ಮುಂದೆ ಕುಳಿತು ಗಟ್ಟಿಯಾಗಿ ಅತ್ತೆ. ಅಡುಗೆಯವಳು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ದೊಡ್ಡವ್ವ ನನ್ನ ಬೆನ್ನ ಮೇಲೆ ಕೈ ಇಡಲಿಲ್ಲ. ಆರಿಸಿದ ಅಕ್ಕಿಯನ್ನು ಡಬ್ಬಿಗೆ ಸುರಿದು ಎದ್ದು ಹೋದಳು. ಮೂರು ದಿನ ಮತ್ತೆ ಚಹಾ ಮಾತ್ರ ಕುಡಿದಳು, ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಹದಿನಾಲ್ಕನೇ ದಿನ

ನೀಮಾ ತನ್ನ ಕುರ್ಚಿಯನ್ನು ಮೇಜಿನ ಈಚೆಗೆ ತಂದು ದೊಡ್ಡವ್ವನ ಎದುರು ಕುಳಿತಳು. ನಾಯ್ಡು ಬಾಗಿಲಲ್ಲಿ ನಿಂತಿದ್ದರು. ಈ ಸಲ ನಾನು ಒಂದು ಪದವನ್ನೂ ಬಿಡದೆ ಹೇಳಿದೆ. ತಂದೆಯ ಕಡೆಯದು ನನ್ನದರ ಜೊತೆ ಕೂಡಿತು. ಉಳಿದ ತೊದಲುಗಳೂ ಒಡಹುಟ್ಟಿದವರು ಎಂದೇ ಹೇಳಿದವು. ಅದು ಮೈಲಾರಿ.

ದೊಡ್ಡವ್ವ ತಲೆಯಾಡಿಸಿದಳು. ಅವಳಿಗೆ ಮೂರು ದಿನದ ಹಿಂದೆಯೇ ಗೊತ್ತಾಗಿತ್ತು.

'ಇನ್ನೊಂದನ್ನೂ ಹೇಳಿ' ಎಂದಳು ನೀಮಾ. 'ತಾಯಿಯ ಕಡೆಯದನ್ನು ನಿಮ್ಮ ಮಾದರಿಯಿಂದಲೂ ನೋಡಬಹುದಿತ್ತು. ನಾನು ನೋಡಲಿಲ್ಲ. ಅವರದನ್ನೇ ಇಟ್ಟು ನೋಡಿದೆ. ಕೂಡಿತು. ವರದಿಯಲ್ಲಿ ಅವರ ಹೆಸರಿದೆ.'

ಅದನ್ನು ಕನ್ನಡಕ್ಕೆ ತರಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಿಮ್ಮವ್ವನಿಂದ ನಿನಗ, ನನ್ನವ್ವಗ ಬಂದದ್ದು ಅವನಾಗೂ ಐತಿ, ಅದು ನಿನ್ನದರ ಜೊತಿ ಕೂಡೈತಿ ಎಂದೆ.

'ನಂದೂ ಕೂಡಿತಾ?' ಎಂದಳು. ಮೂರು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

'ಕೂಡ್ತು ದೊಡ್ಡವ್ವ.'

ಸಮಾಧಾನವಾಗುತ್ತದೆ ಎಂದು ನೀಮಾ ಅಂದುಕೊಂಡಿದ್ದಳು, ನಾನೂ ಅಂದುಕೊಂಡಿದ್ದೆ. ದೊಡ್ಡವ್ವ ಆ ಕಾಗದದ ಕಡೆ ನೋಡಲೂ ಇಲ್ಲ.

'ಕೂಡದಿದ್ದಾಗನ ಚಲೋ ಇತ್ತು' ಎಂದಳು. 'ನಾ ತಾಯಿ ಅಲ್ಲಂತ ಬರ್ದಿದ್ರು, ಅವ ಬದುಕಿದ್ದ. ಹಂಗ ಇರ್ಲಿ ಅಂತ ಹೇಳ್ಬೇಕಿತ್ತು ಇವ್ರಿಗೆ.'

ನೀಮಾ ಏನೆಂದು ಕೇಳಿದಳು. ಹೇಳಿದೆ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

ಕಾಗದಗಳಿಗೆ ನಾನು ಸಹಿ ಹಾಕಿದೆ, ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದಾಗ ನಾಯ್ಡು ಬೇವಿನ ಮರದ ಕೆಳಗೆ ತಮಿಳಿನಲ್ಲಿ ಫೋನ್ ಮಾಡುತ್ತಿದ್ದರು. ಅಮ್ಮಾ, ಅದು ಅವನಲ್ಲ, ಅವನಲ್ಲ ಎಂದು ಎರಡೆರಡು ಸಲ ಹೇಳಿದರು. ಆ ಕಡೆಯಿಂದ ಒಂದು ಮನೆಯೇ ಎದ್ದು ನಿಂತಂಥ ಗದ್ದಲ.

ಸೆಲ್ವಂ ಬದುಕಿರಲಾರ ಎಂದು ನಮಗೆಲ್ಲ ಗೊತ್ತಿತ್ತು. ನಾಯ್ಡುಗೆ ಅದನ್ನೂ ಹೇಳಿಬಿಡಿ, ಸುಳ್ಳು ಆಸೆ ಹುಟ್ಟಿಸಬೇಡಿ ಎನ್ನಲು ನಾನು ಎರಡು ಹೆಜ್ಜೆ ಮುಂದೆ ಹೋದೆ. ದೊಡ್ಡವ್ವ ನನ್ನ ಅಂಗಿ ಹಿಡಿದು ನಿಲ್ಲಿಸಿದಳು.

'ಬಿಡೋ ಬಸ್ಯಾ' ಎಂದಳು. 'ಆ ಹೆಣ್ಮಗಳು ಇವತ್ತು ಉಣ್ತಾಳ. ಎರಡು ದಿನನಾದ್ರೂ ಉಣ್ಲಿ.'